ಕೊಡಗಿನಲ್ಲಿ ಏಲಕ್ಕಿ ಕೃಷಿ

ಏಲಕ್ಕಿ ಅಥವಾ ಯಾಲಕ್ಕಿಯು ಶುಂಠಿಯ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಇದರ ವೈಜ್ಞಾನಿಕ ಹೆಸರು ಎಲೆಟೇರಿಯಾ ಕಾರ್ಡಮೋಮಮ್. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳು ಇದರ ತವರು. ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಇದನ್ನು ಮರಗಳ ನೆರಳಿನ ತೋಟಗಳಲ್ಲಿ ಬೆಳೆಯಲಾಗುತ್ತದೆ. ಕೊಡಗಿನ ಹಸಿರು ಏಲಕ್ಕಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ.

ಸಸ್ಯದ ಲಕ್ಷಣಗಳು

ಏಲಕ್ಕಿ ಗಿಡವು 2ರಿಂದ 4 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಮೇಲೆ ಕಾಣುವ ಕಾಂಡವು ಎಲೆಗಳ ಬುಡಗಳು ಒಂದನ್ನೊಂದು ಸುತ್ತಿಕೊಂಡು ಆದ ಹುಸಿಕಾಂಡ. ನಿಜವಾದ ಕಾಂಡವು ಮಣ್ಣಿನಲ್ಲಿ ಗಡ್ಡೆಯ ರೂಪದಲ್ಲಿರುತ್ತದೆ. ಈ ಗಡ್ಡೆಯಿಂದ ಹೊಸ ಕಂದುಗಳು ಮೂಡಿ ಗಿಡವು ಪೊದೆಯಾಗುತ್ತದೆ. ಹೂಗೊಂಚಲುಗಳು ಗಿಡದ ಬುಡದಿಂದ ಹೊರಡುತ್ತವೆ. ಕೊಡಗಿನಲ್ಲಿ ಹೆಚ್ಚಾಗಿ ಕಂಡುಬರುವ ಮಲಬಾರ್ ಬಗೆಯಲ್ಲಿ ಅವು ನೆಲದ ಮೇಲೆ ಹರಡಿಕೊಂಡರೆ, ಮೈಸೂರು ಬಗೆಯಲ್ಲಿ ನೇರವಾಗಿ ನಿಲ್ಲುತ್ತವೆ.

ಮಲೆ ಪದ್ಧತಿ

ಹಿಂದೆ ಕೊಡಗಿನಲ್ಲಿ ಏಲಕ್ಕಿಯನ್ನು ಕಾಡಿನೊಳಗಿನ 'ಮಲೆ'ಗಳಲ್ಲಿ ಬೆಳೆಯುತ್ತಿದ್ದರು. ದಟ್ಟ ಕಾಡಿನಲ್ಲಿ ಕೆಲವು ದೊಡ್ಡ ಮರಗಳನ್ನು ಉರುಳಿಸಿದಾಗ ಮೇಲ್ಛಾವಣಿ ತೆರೆದು ನೆಲಕ್ಕೆ ಬೆಳಕು ಬೀಳುತ್ತಿತ್ತು. ಮಣ್ಣಿನಲ್ಲಿದ್ದ ಏಲಕ್ಕಿ ಬೀಜಗಳು ಆಗ ತಾವಾಗಿಯೇ ಮೊಳೆಯುತ್ತಿದ್ದವು. ದಟ್ಟ ಕತ್ತಲೆಯಲ್ಲಿ ಹೂ ಬಿಡದ, ಬರಿಯ ಬಿಸಿಲಿನಲ್ಲಿ ಬದುಕದ ಈ ಸಸ್ಯಕ್ಕೆ ಸೋಸಿ ಬರುವ ಬೆಳಕು ಅಗತ್ಯವೆಂಬ ತಿಳಿವಳಿಕೆಯೇ ಈ ಪದ್ಧತಿಯ ಆಧಾರವಾಗಿತ್ತು.

ಹವಾಮಾನ, ನೆರಳು ಮತ್ತು ತೇವಾಂಶ

ಸಮುದ್ರಮಟ್ಟದಿಂದ 600ರಿಂದ 1,200 ಮೀಟರ್ ಎತ್ತರ, 1,500ರಿಂದ 4,000 ಮಿಲಿಮೀಟರ್ ವಾರ್ಷಿಕ ಮಳೆ ಹಾಗೂ ಸಾವಯವ ಅಂಶ ಹೆಚ್ಚಿರುವ, ತುಸು ಆಮ್ಲೀಯವಾದ ಗೋಡು ಮಣ್ಣು ಈ ಬೆಳೆಗೆ ಸೂಕ್ತ. ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಗಿಡವು ಬರವನ್ನು ತಾಳಲಾರದು. ಆದರೆ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆಗಳನ್ನು ಹೊದಿಸಿ ನೀರುಣಿಸಬೇಕು. ಮಳೆಗಾಲದಲ್ಲಿ ಬಸಿಗಾಲುವೆಗಳನ್ನು ಶುಚಿಯಾಗಿಡಬೇಕು.

ಹಲಸು, ಅತ್ತಿ, ಗಂಧಗರಿಗೆ ಮೊದಲಾದ ಮರಗಳು ನೆರಳು ನೀಡುವುದರ ಜೊತೆಗೆ ಉದುರಿದ ಎಲೆಗಳಿಂದ ಮಣ್ಣನ್ನೂ ಪೋಷಿಸುತ್ತವೆ. ಮುಂಗಾರಿಗೆ ಮೊದಲು ಮರಗಸಿ ಮಾಡಿ, ಸುಮಾರು ಅರ್ಧದಷ್ಟು ಬೆಳಕು ಒಳಬರುವಂತೆ ನೆರಳನ್ನು ಹದಗೊಳಿಸಲಾಗುತ್ತದೆ.

ನಾಟಿ

ಬೀಜದಿಂದಲೂ ಕಂದುಗಳಿಂದಲೂ ಸಸ್ಯಾಭಿವೃದ್ಧಿ ಸಾಧ್ಯ. ಬೀಜಗಳು ಬೇಗನೆ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹೊಸ ಬೀಜಗಳನ್ನೇ ಸಸಿಮಡಿಯಲ್ಲಿ ಬಿತ್ತಲಾಗುತ್ತದೆ. ಮುಂಗಾರು ಆರಂಭವಾದ ಬಳಿಕ, ಜೂನ್–ಜುಲೈ ತಿಂಗಳುಗಳಲ್ಲಿ, ಸಸಿಗಳನ್ನು ಗುಂಡಿಗಳಲ್ಲಿ ನೆಡುತ್ತಾರೆ. ಮಲಬಾರ್ ಬಗೆಗೆ 1.8 ಮೀಟರ್ ಅಂತರ ವಾಡಿಕೆಯಲ್ಲಿದೆ. ಮೂರನೆಯ ವರ್ಷದಿಂದ ಫಸಲು ದೊರೆಯತೊಡಗುತ್ತದೆ.

ಹೂವು ಮತ್ತು ಪರಾಗಸ್ಪರ್ಶ

ಹೂಗಳು ಬಿಳಿಯಾಗಿದ್ದು, ತುಟಿಯಂತಹ ದಳದ ಮೇಲೆ ನೇರಳೆ ಗೆರೆಗಳಿರುತ್ತವೆ. ಮುಂಜಾನೆ ಅರಳುವ ಹೂವಿನ ಆಯುಷ್ಯ ಒಂದೇ ದಿನ. ಹೂವಿನಲ್ಲಿ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇದ್ದರೂ ಶಲಾಕಾಗ್ರವು ಪರಾಗಕೋಶಕ್ಕಿಂತ ಮೇಲಿರುವುದರಿಂದ ಪರಾಗವು ತಾನಾಗಿ ಅದನ್ನು ತಲುಪುವುದಿಲ್ಲ. ಈ ಕೆಲಸವನ್ನು ಮುಖ್ಯವಾಗಿ ತುಡುವೆ ಜೇನು ಮತ್ತು ಹೆಜ್ಜೇನುಗಳು ಮಾಡುತ್ತವೆ. ಪರಾಗಸ್ಪರ್ಶವಾಗದ ಹೂವು ಕಾಯಿ ಕಟ್ಟದೆ ಉದುರುತ್ತದೆ. ಹೀಗಾಗಿ ಹೂ ಬಿಡುವ ಕಾಲದಲ್ಲಿ, ವಿಶೇಷವಾಗಿ ಬೆಳಗಿನ ಹೊತ್ತು, ಕೀಟನಾಶಕ ಸಿಂಪಡಿಸುವುದು ಇಳುವರಿಗೆ ಹಾನಿಕರ.

ರೋಗಗಳು

ಕಟ್ಟೆ ರೋಗವು ಈ ಬೆಳೆಯ ಅತಿ ದೊಡ್ಡ ಶತ್ರು. ವೈರಾಣುವಿನಿಂದ ಬರುವ ಈ ರೋಗದಲ್ಲಿ ಎಳೆಯ ಎಲೆಗಳ ಮೇಲೆ ತಿಳಿ ಹಸಿರು ಗೆರೆಗಳು ಮೂಡುತ್ತವೆ. ಗಿಡವು ವರ್ಷದಿಂದ ವರ್ಷಕ್ಕೆ ಕುಗ್ಗಿ ಫಲ ನೀಡುವುದನ್ನು ನಿಲ್ಲಿಸುತ್ತದೆ. ಗಿಡಹೇನುಗಳು ಹಾಗೂ ಸೋಂಕಿತ ಕಂದುಗಳು ಇದನ್ನು ಹರಡುತ್ತವೆ. ಬೀಜದ ಮೂಲಕ ಇದು ಹರಡುವುದಿಲ್ಲವಾದ್ದರಿಂದ ರೋಗವಿರುವ ಪ್ರದೇಶಗಳಲ್ಲಿ ಬೀಜದ ಸಸಿಗಳು ಸುರಕ್ಷಿತ. ಚಿಕಿತ್ಸೆ ಇಲ್ಲದಿರುವುದರಿಂದ ರೋಗಪೀಡಿತ ಗಿಡಗಳನ್ನು ಬುಡಸಮೇತ ಕಿತ್ತು ನಾಶಪಡಿಸುವುದೊಂದೇ ದಾರಿ. ಕೊಕ್ಕೆ ಕಂದು ಮತ್ತೊಂದು ವೈರಾಣು ರೋಗ. ಇದರಲ್ಲಿ ಹೊಸ ಎಲೆಗಳು ಸಿಕ್ಕಿಕೊಂಡು ಕಂದು ಕೊಕ್ಕೆಯಂತೆ ಬಾಗುತ್ತದೆ. ಮಳೆಗಾಲದ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೊ ದ್ರಾವಣವನ್ನು ಸಿಂಪಡಿಸಲಾಗುತ್ತದೆ.

ಮಡಿಕೇರಿ ಸಮೀಪದ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅಲ್ಲಿ ಅಭಿವೃದ್ಧಿಪಡಿಸಿದ 'ವಿಜೇತ' ತಳಿಯು ಕಟ್ಟೆ ರೋಗವನ್ನು ನಿರೋಧಿಸುತ್ತದೆ. 'ಅವಿನಾಶ್' ತಳಿಯು ಗಡ್ಡೆ ಕೊಳೆಯನ್ನು ಸಹಿಸಿಕೊಳ್ಳುತ್ತದೆ.

ಕೊಯ್ಲು

ಹೂ ಬಿಟ್ಟ ಸುಮಾರು ನಾಲ್ಕು ತಿಂಗಳಿಗೆ ಕಾಯಿ ಬಲಿಯುತ್ತದೆ. ಒಂದೇ ಗೊಂಚಲಿನ ಕಾಯಿಗಳು ಒಟ್ಟಿಗೆ ಬಲಿಯದ ಕಾರಣ ಹಲವು ಸುತ್ತು ಬಿಡಿಸಬೇಕಾಗುತ್ತದೆ. ಹಸಿರು ಬಣ್ಣ ಉಳಿಯಲೆಂದು ಬಿಸಿಲಿಗೆ ಹಾಕದೆ ಒಣಗಿಸುವ ಮನೆಯಲ್ಲಿ ಹದವಾದ ಶಾಖದಲ್ಲಿ ಒಣಗಿಸಲಾಗುತ್ತದೆ. ಸುಮಾರು ಐದು ಕಿಲೋಗ್ರಾಂ ಹಸಿ ಕಾಯಿಯಿಂದ ಒಂದು ಕಿಲೋಗ್ರಾಂ ಒಣ ಏಲಕ್ಕಿ ದೊರೆಯುತ್ತದೆ.

ಪ್ರಸ್ತುತ ಸ್ಥಿತಿ

ಕಟ್ಟೆ ರೋಗ, ಬೇಸಿಗೆಯ ಬರ, ಬೆಲೆಯ ಏರಿಳಿತ ಮತ್ತು ಗ್ವಾಟೆಮಾಲಾ ದೇಶದ ಪೈಪೋಟಿಯಿಂದಾಗಿ ಕೊಡಗಿನ ಅನೇಕ ಏಲಕ್ಕಿ ತೋಟಗಳು ಕಾಫಿ ಮತ್ತು ಕಾಳುಮೆಣಸಿಗೆ ಬದಲಾಗಿವೆ. ಕಾಫಿಗಾಗಿ ನೆರಳನ್ನು ವಿರಳಗೊಳಿಸಿದ ತೋಟದಲ್ಲಿ ಮಣ್ಣಿನ ತೇವ ಬೇಗನೆ ಆರುವುದರಿಂದ ಏಲಕ್ಕಿಯನ್ನು ಮತ್ತೆ ನೆಲೆಗೊಳಿಸುವುದು ಕಷ್ಟ. ಈ ಕಾರಣದಿಂದ ಏಲಕ್ಕಿಯ ಉಳಿವು ರೋಗನಿರೋಧಕ ತಳಿಗಳಷ್ಟೇ ನೆರಳಿನ ಮರಗಳ ಉಳಿವನ್ನೂ ಅವಲಂಬಿಸಿದೆ.