ಪಟ್ಟಿಯಲ್ಲಿ ಹೆಸರಿಲ್ಲದವರು ಸೋತವರೇ? ಐಸ್ ಹಾಕಿ ರಾಷ್ಟ್ರೀಯ ತಂಡದ ಆಯ್ಕೆಯನ್ನು ಅರಿಯೋಣ

ಚಳಿಗಾಲದ ಒಲಿಂಪಿಕ್ಸ್ ಸಮೀಪಿಸಿದಾಗಲೆಲ್ಲ ಕೆನಡಾ, ಅಮೆರಿಕ, ಸ್ವೀಡನ್, ಫಿನ್‌ಲ್ಯಾಂಡ್ ಮೊದಲಾದ ದೇಶಗಳ ಜನರು ಒಂದು ಪಟ್ಟಿಗಾಗಿ ಕಾಯುತ್ತಾರೆ. ನಮ್ಮಲ್ಲಿ ವಿಶ್ವಕಪ್ ಕ್ರಿಕೆಟ್ ತಂಡದ ಘೋಷಣೆಗೆ ಇರುವಷ್ಟೇ ಕುತೂಹಲ ಅಲ್ಲಿ ಐಸ್ ಹಾಕಿ ತಂಡದ ಘೋಷಣೆಗೆ ಇರುತ್ತದೆ. ಪಟ್ಟಿ ಹೊರಬಿದ್ದ ದಿನ ಆಯ್ಕೆಯಾದವರಿಗಿಂತ ಕೈಬಿಡಲ್ಪಟ್ಟವರ ಕುರಿತೇ ಹೆಚ್ಚು ಚರ್ಚೆ ನಡೆಯುತ್ತದೆ.

ಹೆಪ್ಪುಗಟ್ಟಿದ ಕೆರೆಯನ್ನು ಕಣ್ಣಾರೆ ಕಾಣದ ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಗಳ ಮಕ್ಕಳಿಗೆ ಈ ವಿಷಯವೇಕೆ ಎಂದು ಪೋಷಕರು ಕೇಳಬಹುದು. ಉಪಜಿಲ್ಲೆ ಅಥವಾ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡವನ್ನು ಆರಿಸುವ ಹೊತ್ತಿನಲ್ಲಿ ನಮ್ಮ ಶಾಲೆಗಳ ಅಂಗಳದಲ್ಲಿಯೂ ಪ್ರತಿ ವರ್ಷ ಒಂದು ಪ್ರಶ್ನೆ ಏಳುತ್ತದೆ: "ಇಷ್ಟು ಚೆನ್ನಾಗಿ ಆಡುವ ನಮ್ಮ ಮಗುವನ್ನು ಏಕೆ ಬಿಟ್ಟರು?" ಆ ಪ್ರಶ್ನೆಗೆ ಉತ್ತರ ಹುಡುಕಲು ಐಸ್ ಹಾಕಿಯ ಆಯ್ಕೆಯ ಇತಿಹಾಸವು ಬಹಳ ನೆರವಾಗುತ್ತದೆ. ಅಲ್ಲಿ ಕೈಬಿಡಲ್ಪಟ್ಟವರು ಸಾಮಾನ್ಯರಲ್ಲ, ಜಗತ್ತಿನ ಶ್ರೇಷ್ಠ ಆಟಗಾರರು.

ಆಟದ ಸ್ವರೂಪ ಮತ್ತು ಪಟ್ಟಿಯ ಲೆಕ್ಕ

ಐಸ್ ಹಾಕಿಯಲ್ಲಿ ಒಂದು ತಂಡದಿಂದ ಆರು ಮಂದಿ ಕಣದಲ್ಲಿರುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರರು, ಮೂವರು ಮುಂಚೂಣಿ ಆಟಗಾರರು. ಚೆಂಡಿನ ಬದಲಿಗೆ ರಬ್ಬರಿನ ಗಟ್ಟಿ ಬಿಲ್ಲೆಯೊಂದನ್ನು ಬಳಸುತ್ತಾರೆ. ಅದಕ್ಕೆ ಪಕ್ ಎಂದು ಹೆಸರು. ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ಪಂದ್ಯ ನಡೆಯುತ್ತದೆ. ಕಾಲಿಗೆ ಸ್ಕೇಟ್ ಕಟ್ಟಿ ಪೂರ್ಣ ವೇಗದಲ್ಲಿ ಆಡುವ ಆಟವಾದುದರಿಂದ ಯಾರೂ ಒಂದೇ ಸಮನೆ ಹೆಚ್ಚು ಹೊತ್ತು ಕಣದಲ್ಲಿ ನಿಲ್ಲಲಾರರು. ಮುಕ್ಕಾಲು ನಿಮಿಷದ ಆಸುಪಾಸಿಗೇ ಒಂದು ಗುಂಪು ಹೊರಬಂದು ಇನ್ನೊಂದು ಗುಂಪು ಒಳಹೋಗುತ್ತದೆ, ಆಟವೂ ನಿಲ್ಲದೆ ಸಾಗುತ್ತಿರುತ್ತದೆ.

ಹೀಗಾಗಿ ಮುಂಚೂಣಿಯವರನ್ನು ಮೂವರ ಗುಂಪಾಗಿಯೂ ರಕ್ಷಣೆಯವರನ್ನು ಇಬ್ಬರ ಜೋಡಿಯಾಗಿಯೂ ಸಿದ್ಧಪಡಿಸಬೇಕಾಗುತ್ತದೆ. ಈಗ ಒಲಿಂಪಿಕ್ಸ್‌ನಲ್ಲಿ ಪುರುಷರ ತಂಡಕ್ಕೆ 25 ಮಂದಿಯ ಮಿತಿಯಿದೆ. ಅವರಲ್ಲಿ ಮೂವರು ಗೋಲ್‌ಕೀಪರ್‌ಗಳು. ಉಳಿದ 22 ಮಂದಿಯಲ್ಲಿ ಸಾಮಾನ್ಯವಾಗಿ 14 ಮಂದಿ ಮುಂಚೂಣಿಗೆ, 8 ಮಂದಿ ರಕ್ಷಣೆಗೆ. ಆಯ್ಕೆಗಾರರ ಮುಂದಿರುವುದು ಈ ಮನೆಗಳನ್ನು ತುಂಬುವ ಕೆಲಸ.

ಎಲ್ಲ ಮನೆಗಳೂ ಒಂದೇ ತರಹದವಲ್ಲ. ಗೋಲು ಹೊಡೆಯುವವರು ಬೇಕು. ಎದುರಾಳಿಯ ಗೋಲುಗಾರನ ಬೆನ್ನುಹತ್ತಿ ಅವನನ್ನು ಕಟ್ಟಿಹಾಕುವವರೂ ಬೇಕು. ತಪ್ಪೆಸಗಿದ ಆಟಗಾರ ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕುಳಿತುಕೊಳ್ಳಬೇಕೆಂಬ ನಿಯಮವಿದೆ. ಆಗ ಐವರ ವಿರುದ್ಧ ನಾಲ್ವರೇ ನಿಂತು ಕೋಟೆ ಕಾಯಬೇಕು. ಆ ಎರಡು ನಿಮಿಷಗಳಿಗೆಂದೇ ನುರಿತವರನ್ನು ತಂಡಕ್ಕೆ ತೆಗೆದುಕೊಳ್ಳುವುದುಂಟು. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ 22 ಮಂದಿಯನ್ನು ಒಟ್ಟುಗೂಡಿಸಿದರೆ ಹೆಸರುಗಳ ಮೆರವಣಿಗೆಯಾದೀತು, ತಂಡವಾಗಲಾರದು.

ಸೋಚಿ 2014: ಪಾತ್ರಕ್ಕೆ ತಕ್ಕ ಆಯ್ಕೆ

ರಷ್ಯದ ಸೋಚಿಯಲ್ಲಿ 2014ರಲ್ಲಿ ನಡೆದ ಒಲಿಂಪಿಕ್ಸ್‌ಗೆ ಕೆನಡಾ ತಂಡ ರಚಿತವಾದ ಬಗೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ರಾಷ್ಟ್ರೀಯ ಸಂಸ್ಥೆಯಾದ ಹಾಕಿ ಕೆನಡಾ ಒಬ್ಬ ವ್ಯವಸ್ಥಾಪಕರನ್ನು ನೇಮಿಸುತ್ತದೆ. ಅವರು ತಮ್ಮ ಸಹಾಯಕರೊಡನೆ ತಿಂಗಳುಗಟ್ಟಲೆ ಪಂದ್ಯಗಳನ್ನು ನೋಡಿ, ತರಬೇತುದಾರರೊಂದಿಗೆ ಚರ್ಚಿಸಿ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಆ ವರ್ಷ ವ್ಯವಸ್ಥಾಪಕರಾಗಿದ್ದವರು ಸ್ಟೀವ್ ಐಝರ್‌ಮನ್, ತರಬೇತುದಾರರಾಗಿದ್ದವರು ಮೈಕ್ ಬ್ಯಾಬ್‌ಕಾಕ್.

ಕೆನಡಾ, ಅಮೆರಿಕಗಳ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಕಣ ಸುಮಾರು 26 ಮೀಟರ್ ಅಗಲವಿದ್ದರೆ, ಸೋಚಿಯ ಕಣ 30 ಮೀಟರ್ ಅಗಲವಿತ್ತು. ಅಗಲ ಹೆಚ್ಚಿದಷ್ಟೂ ಚುರುಕಾಗಿ ಚಲಿಸುವವರಿಗೆ ಬೆಲೆ ಹೆಚ್ಚು. ಆದುದರಿಂದ ಬರಿಯ ಮೈಬಲಕ್ಕಿಂತ ಸ್ಕೇಟಿಂಗ್ ಸಾಮರ್ಥ್ಯಕ್ಕೆ ಮನ್ನಣೆ ದೊರೆಯಿತು. ರಕ್ಷಣೆಗೆ ಆರಿಸಿದ ಎಂಟು ಮಂದಿಯಲ್ಲಿ ನಾಲ್ವರು ಸ್ಟಿಕ್ಕನ್ನು ಎಡಮಗ್ಗುಲಲ್ಲಿ ಹಿಡಿದು ಆಡುವವರು, ನಾಲ್ವರು ಬಲಮಗ್ಗುಲಿನವರು. ಪ್ರತಿ ಜೋಡಿಯಲ್ಲಿಯೂ ಎಡ ಮತ್ತು ಬಲ ಎರಡೂ ಇರಬೇಕೆಂಬುದು ಬ್ಯಾಬ್‌ಕಾಕ್ ಅವರ ಹಟವಾಗಿತ್ತು. ಐದನೆಯ ಎಡಮಗ್ಗುಲಿನ ಆಟಗಾರನು ಎಷ್ಟೇ ಸಮರ್ಥನಾಗಿದ್ದರೂ ಆ ಪಟ್ಟಿಯಲ್ಲಿ ಅವನಿಗೆ ಮನೆಯಿರಲಿಲ್ಲ.

ಕ್ರಿಸ್ ಕ್ಯೂನಿಟ್ಜ್ ಅವರ ಹೆಸರು ಪಟ್ಟಿಯಲ್ಲಿದ್ದುದು ಟೀಕೆಗೆ ಗುರಿಯಾಯಿತು. ಅವರಿಗಿಂತ ಪ್ರಸಿದ್ಧರು ಹೊರಗುಳಿದಿದ್ದರು. ಆದರೆ ಕ್ಯೂನಿಟ್ಜ್ ಅವರು ಪಿಟ್ಸ್‌ಬರ್ಗ್ ಕ್ಲಬ್ಬಿನಲ್ಲಿ ನಾಯಕ ಸಿಡ್ನಿ ಕ್ರಾಸ್ಬಿ ಅವರ ಜೊತೆಗಾರ. ಎರಡು ವಾರದ ಪಂದ್ಯಾವಳಿಯಲ್ಲಿ ಹೊಸ ಹೊಂದಾಣಿಕೆ ಬೆಳೆಯುವಷ್ಟು ಸಮಯ ಸಿಗುವುದಿಲ್ಲ. ಈಗಾಗಲೇ ಬೆಳೆದಿರುವುದನ್ನು ತರುವುದೇ ಲೇಸು ಎಂದು ಆಯ್ಕೆಗಾರರು ಎಣಿಸಿದರು. ಫೈನಲ್‌ವರೆಗೂ ಅವರಿಬ್ಬರಿಂದ ಒಂದು ಗೋಲೂ ಬರಲಿಲ್ಲ. ಸ್ವೀಡನ್ ವಿರುದ್ಧದ ಫೈನಲ್‌ನಲ್ಲಿ ಇಬ್ಬರೂ ತಲಾ ಒಂದು ಗೋಲು ಹೊಡೆದರು, ಕೆನಡಾ 3–0 ಅಂತರದಿಂದ ಗೆದ್ದಿತು. ಆರು ಪಂದ್ಯಗಳಲ್ಲಿ ಆ ತಂಡ ಬಿಟ್ಟುಕೊಟ್ಟದ್ದು ಕೇವಲ ಮೂರು ಗೋಲುಗಳನ್ನು.

ಹೊರಗುಳಿದವರ ನೋವು

ಇದೇ ಪಟ್ಟಿಗೆ ಇನ್ನೊಂದು ಮುಖವೂ ಇದೆ. ಕ್ವಿಬೆಕ್ ಪ್ರಾಂತ್ಯದ ಮಾರ್ಟಿನ್ ಸೇಂಟ್ ಲೂಯಿ ಅವರು ಕುಳ್ಳಗಿನ ಆಟಗಾರ. ಎತ್ತರ ಸಾಲದೆಂದು ಆರಂಭದಲ್ಲಿ ಯಾವ ಕ್ಲಬ್ಬೂ ಅವರನ್ನು ಆಯ್ದುಕೊಂಡಿರಲಿಲ್ಲ. ಅಂಥವರು 2012–13ರ ಋತುವಿನಲ್ಲಿ, ತಮ್ಮ 37ನೆಯ ವಯಸ್ಸಿನಲ್ಲಿ, ಎನ್‌ಎಚ್‌ಎಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಿಗೆ ಸಲ್ಲುವ ಆರ್ಟ್ ರಾಸ್ ಪ್ರಶಸ್ತಿಯನ್ನು ಪಡೆದರು. ಮರುವರ್ಷ ಅವರು ಟಾಂಪಾ ಬೇ ಕ್ಲಬ್ಬಿನ ನಾಯಕ. ಆ ಕ್ಲಬ್ಬಿನ ವ್ಯವಸ್ಥಾಪಕರು ಬೇರೆ ಯಾರೂ ಅಲ್ಲ, ಇದೇ ಐಝರ್‌ಮನ್! ಆದರೂ 2014ರ ಜನವರಿಯಲ್ಲಿ ಪ್ರಕಟವಾದ ಒಲಿಂಪಿಕ್ ಪಟ್ಟಿಯಲ್ಲಿ ಸೇಂಟ್ ಲೂಯಿ ಅವರ ಹೆಸರಿರಲಿಲ್ಲ.

ಅದೇ ಕ್ಲಬ್ಬಿನ ಸ್ಟೀವನ್ ಸ್ಟ್ಯಾಮ್‌ಕೋಸ್ ಅವರು ಕಾಲಿನ ಮೂಳೆ ಮುರಿತದಿಂದ ಸಕಾಲದಲ್ಲಿ ಚೇತರಿಸಿಕೊಳ್ಳಲಿಲ್ಲವಾಗಿ, ಅವರ ಸ್ಥಾನಕ್ಕೆ ಸೇಂಟ್ ಲೂಯಿ ಅವರನ್ನೇ ಕರೆಯಲಾಯಿತು. ಅವರು ಹೋದರು, ಚಿನ್ನದ ಪದಕದೊಂದಿಗೆ ಮರಳಿದರು. ಆದರೆ ಮನಸ್ಸಿನ ಗಾಯ ಮಾಯಲಿಲ್ಲ. ಮಾರ್ಚ್ ತಿಂಗಳಲ್ಲಿಯೇ, ತಮ್ಮ ಕೋರಿಕೆಯಂತೆ, ಅವರು ನ್ಯೂಯಾರ್ಕ್ ಕ್ಲಬ್ಬಿಗೆ ಸೇರಿದರು.

ಅದೇ ವರ್ಷ ಅಮೆರಿಕದಲ್ಲಿ ಬೇರೊಂದು ಪ್ರಸಂಗ ನಡೆಯಿತು. ಆಯ್ಕೆಗಾರರು ತಮ್ಮ ಚರ್ಚೆಗಳನ್ನು ಕೇಳಲು ಪತ್ರಕರ್ತರಿಗೆ ಅವಕಾಶ ಕೊಟ್ಟಿದ್ದರು. ಗೋಲು ಹೊಡೆಯುವುದರಲ್ಲಿ ಹೆಸರಾದ ಬಾಬಿ ರಯಾನ್ ಅವರನ್ನು ಕೈಬಿಡುವಾಗ ಒಳಗೆ ಆಡಿದ ಹಗುರ ಮಾತುಗಳು ಹಾಗೆಯೇ ಅಚ್ಚಾಗಿ ಊರೆಲ್ಲ ಓದುವಂತಾಯಿತು. ಕೈಬಿಟ್ಟದ್ದಕ್ಕಿಂತಲೂ ಆ ಮಾತುಗಳೇ ರಯಾನ್ ಅವರನ್ನು ಹೆಚ್ಚು ನೋಯಿಸಿದವು. ಶಿಕ್ಷಕರಾದ ನಾವು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ಆಯ್ಕೆಯಾಗದ ಮಗುವಿನ ಮುಂದೆ, ಅದರ ಗೆಳೆಯರ ಮುಂದೆ ನಾವಾಡುವ ಒಂದು ಮಾತು ಪಟ್ಟಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಆಯ್ಕೆಗಾರರೂ ಎಡವುತ್ತಾರೆ

ಪ್ರತಿ ಪಟ್ಟಿಗೂ ಸಮರ್ಥನೆಯಿರುತ್ತದೆ ಎಂದಮಾತ್ರಕ್ಕೆ ಪ್ರತಿ ಪಟ್ಟಿಯೂ ಸರಿಯಿರುತ್ತದೆ ಎಂದಲ್ಲ. 2006ರ ಟುರಿನ್ ಒಲಿಂಪಿಕ್ಸ್‌ಗೆ ಕೆನಡಾ 18 ವರ್ಷದ ಸಿಡ್ನಿ ಕ್ರಾಸ್ಬಿ ಅವರನ್ನು ಕರೆದೊಯ್ಯಲಿಲ್ಲ, ಅನುಭವಸ್ಥರನ್ನು ನೆಚ್ಚಿಕೊಂಡಿತು. ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಾಗದೆ ಏಳನೆಯ ಸ್ಥಾನಕ್ಕಿಳಿಯಿತು. ನಾಲ್ಕು ವರ್ಷಗಳ ನಂತರ ವ್ಯಾಂಕೂವರ್‌ನಲ್ಲಿ ಅಮೆರಿಕದ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಚಿನ್ನದ ಗೋಲು ಹೊಡೆದವರು ಅದೇ ಕ್ರಾಸ್ಬಿ.

1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಎನ್‌ಎಚ್‌ಎಲ್ ತನ್ನ ಋತುವನ್ನು ನಿಲ್ಲಿಸಿ ಆಟಗಾರರನ್ನು ಕಳುಹಿಸಿತು. ಸೆಮಿಫೈನಲ್‌ನಲ್ಲಿ ಕೆನಡಾ ಮತ್ತು ಚೆಕ್ ಗಣರಾಜ್ಯದ ಪಂದ್ಯ ಸಮಬಲವಾಗಿ ಶೂಟೌಟ್‌ಗೆ ಹೋಯಿತು. ಕೆನಡಾ ಆರಿಸಿದ ಐವರಲ್ಲಿ ಸಾರ್ವಕಾಲಿಕ ಶ್ರೇಷ್ಠರೆನಿಸಿದ ವೇಯ್ನ್ ಗ್ರೆಟ್ಸ್‌ಕಿ ಇರಲಿಲ್ಲ. ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ ಐವರನ್ನೂ ತಡೆದರು. ಬೆಂಚಿನ ಮೇಲೆ ಕುಳಿತೇ ಉಳಿದ ಗ್ರೆಟ್ಸ್‌ಕಿ ಅವರ ಚಿತ್ರ ಇಂದಿಗೂ ಕೆನಡಾದ ಜನರ ಮನಸ್ಸಿನಲ್ಲಿದೆ. ಅದೇ ಗ್ರೆಟ್ಸ್‌ಕಿ 2002ರಲ್ಲಿ ತಂಡ ರಚನೆಯ ಹೊಣೆ ಹೊತ್ತರು. ಆ ತಂಡ 50 ವರ್ಷಗಳ ಬಳಿಕ ಕೆನಡಾಕ್ಕೆ ಒಲಿಂಪಿಕ್ ಚಿನ್ನವನ್ನು ತಂದಿತು. ಮೇಲೆ ಹೇಳಿದ ಐಝರ್‌ಮನ್ ಅವರೂ 1987ರ ಕೆನಡಾ ಕಪ್ ತಂಡದಿಂದ ಹೊರಹಾಕಲ್ಪಟ್ಟವರೇ.

ಈ ಸಾಲಿನಲ್ಲಿ ಮೊದಲಿಗೆ ನೆನೆಯಬೇಕಾದವರು ಅಮೆರಿಕದ ಹರ್ಬ್ ಬ್ರೂಕ್ಸ್. 1960ರ ಒಲಿಂಪಿಕ್ಸ್ ಆರಂಭವಾಗುವ ಹೊತ್ತಿಗೆ ತಂಡದಿಂದ ಕೊನೆಯದಾಗಿ ಕೈಬಿಡಲ್ಪಟ್ಟವರು ಅವರು. ಅವರಿಲ್ಲದ ತಂಡ ಚಿನ್ನ ಗೆದ್ದಿತು! 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ಗೆ ಅವರೇ ತರಬೇತುದಾರರಾದರು. ಹಿಂದಿನ ಬೇಸಿಗೆಯಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 68 ಮಂದಿ ಯುವಕರನ್ನು ಪರೀಕ್ಷಿಸಿ 26 ಮಂದಿಯನ್ನು ಉಳಿಸಿಕೊಂಡರು. ಹೆಚ್ಚಿನವರು ಕಾಲೇಜು ಆಟಗಾರರು. ಹೆಸರಾಂತರನ್ನು ಬಿಟ್ಟು, ತಾನು ಕಲಿಸಬೇಕೆಂದಿದ್ದ ವೇಗದ ಆಟಕ್ಕೆ ಹೊಂದುವವರನ್ನು ಅವರು ಹುಡುಕಿದರು. ಆ ತಂಡ ಸೋವಿಯತ್ ಒಕ್ಕೂಟವನ್ನು 4–3ರಿಂದ ಮಣಿಸಿ ಚಿನ್ನ ಗೆದ್ದದ್ದು ಕ್ರೀಡಾ ಇತಿಹಾಸದ ಅಚ್ಚರಿಗಳಲ್ಲೊಂದು. ಅಂತಿಮ 20ರ ಪಟ್ಟಿಗಾಗಿ ಕೊನೆಯದಾಗಿ ಕೈಬಿಡಬೇಕಾಗಿ ಬಂದವರು ರಾಲ್ಫ್ ಕಾಕ್ಸ್. ಬ್ರೂಕ್ಸ್ ಅವರು ಸುದ್ದಿಯನ್ನು ಕಾಕ್ಸ್ ಅವರಿಗೆ ತಾವೇ ಮುಖಾಮುಖಿ ತಿಳಿಸಿದರು. ಆ ನೋವು ಎಂತಹುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಯಾವ ದೇಶದ ಆಟಗಾರ? ಯಾವ ಭಾಷೆಯವನು?

ಆಯ್ಕೆಗೆ ಮೊದಲ ಅರ್ಹತೆ ಪೌರತ್ವ. ಪೌರತ್ವ ಬದಲಿಸಿದವರು ಹೊಸ ದೇಶದ ಸ್ಪರ್ಧೆಗಳಲ್ಲಿ ನಿಗದಿತ ಕಾಲ ಆಡಿರಬೇಕು ಎಂಬುದು ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ನಿಯಮ. ಆದರೆ ಗಡಿಗಳೇ ಬದಲಾದರೆ? ಬ್ರಾಟಿಸ್ಲಾವಾದಲ್ಲಿ ಹುಟ್ಟಿದ ಪೀಟರ್ ಸ್ಟಾಸ್ಟ್ನಿ ಅವರು ಮೊದಲು ಚೆಕೊಸ್ಲೊವಾಕಿಯಾ ಪರ ಆಡಿ, 1980ರಲ್ಲಿ ದೇಶ ತೊರೆದು, 1984ರಲ್ಲಿ ಕೆನಡಾ ಪರ ಆಡಿದರು. ಚೆಕೊಸ್ಲೊವಾಕಿಯಾ ಇಬ್ಭಾಗವಾದ ಮೇಲೆ 1994ರ ಒಲಿಂಪಿಕ್ಸ್‌ನಲ್ಲಿ ಸ್ಲೊವಾಕಿಯಾದ ಧ್ವಜ ಹಿಡಿದು ನಡೆದರು. ಮನುಷ್ಯನೂ ಭಾಷೆಯೂ ಅವೇ ಇದ್ದು ಮೇಲಿನ ಹೆಸರು ಬದಲಾಗುವ ಅನುಭವ 1956ರ ನಂತರದ ಗಡಿನಾಡ ಕನ್ನಡಿಗರಿಗೆ ಹೊಸತಲ್ಲ.

ಕೆನಡಾದ ಪಟ್ಟಿ ಪ್ರಕಟವಾದಾಗ ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತ್ಯದಲ್ಲಿ "ನಮ್ಮವರು ಎಷ್ಟು ಮಂದಿ?" ಎಂಬ ಲೆಕ್ಕ ನಡೆಯುತ್ತದೆ. ದೊಡ್ಡ ಲೀಗ್‌ನಲ್ಲಿ ಕ್ವಿಬೆಕ್ ಆಟಗಾರರ ಸಂಖ್ಯೆ ಇಳಿಯುತ್ತಿರುವುದನ್ನು ಕಂಡು ಅಲ್ಲಿನ ಸರ್ಕಾರವು 2021ರಲ್ಲಿ ಒಂದು ಸಮಿತಿಯನ್ನು ರಚಿಸಿತು. ಮೇಲಿನ ಪಟ್ಟಿಯಲ್ಲಿ ಮೀಸಲು ಕೇಳುವುದನ್ನು ಬಿಟ್ಟು, ಕೆಳಗೆ ಮಕ್ಕಳ ಆಟ ಹೇಗೆ ಬೆಳೆಯಬೇಕೆಂಬುದನ್ನು ಪರಿಶೀಲಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಿತು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಯೋಚಿಸತಕ್ಕ ಮಾರ್ಗ.

ಭಾರತದ ತಂಡವನ್ನೇ ನೋಡೋಣ. ನಮ್ಮ ಮಹಿಳಾ ಐಸ್ ಹಾಕಿ ತಂಡದಲ್ಲಿ ಬಹುಪಾಲು ಲಡಾಖಿನ ಹೆಣ್ಣುಮಕ್ಕಳು. ಜೊತೆಗೆ ಹಿಮಾಚಲದ ಸ್ಪಿತಿ ಕಣಿವೆಯವರು. ಚಳಿಗಾಲದ ಕೆಲವೇ ವಾರ ಹೆಪ್ಪುಗಟ್ಟುವ ಕೆರೆ, ಬಯಲುಗಳಲ್ಲಿ ಕಲಿತವರು ಅವರು. 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ, 2017ರಲ್ಲಿ ಮೊದಲ ಗೆಲುವು, 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ. ಇಂಥಲ್ಲಿ ಆಯ್ಕೆಯ ಅರ್ಧ ಭಾಗ ಶಿಬಿರಕ್ಕೆ ಮೊದಲೇ ಮುಗಿದಿರುತ್ತದೆ. ಸ್ಕೇಟ್ ಯಾರ ಕೈಗೆ ಸಿಕ್ಕಿತು, ಶಿಬಿರದ ಊರಿಗೆ ಹೋಗುವ ಖರ್ಚನ್ನು ಯಾರ ಮನೆ ಭರಿಸಿತು ಎಂಬುದರಲ್ಲಿಯೇ ಪಟ್ಟಿಯ ಮೊದಲ ಕರಡು ಅಡಗಿರುತ್ತದೆ.

ಪೋಷಕರು ಕೇಳಬೇಕಾದುದು

ಮುಂದಿನ ಸಲ ಶಾಲಾ ತಂಡದ ಪಟ್ಟಿ ಹೊರಬಂದಾಗ "ನಮ್ಮ ಮಗು ಏಕಿಲ್ಲ?" ಎನ್ನುವುದಕ್ಕೆ ಮೊದಲು ಬೇರೆ ಕೆಲವನ್ನು ಕೇಳೋಣ. ಯಾವ ಸ್ಥಾನಕ್ಕೆ ಯಾವ ಗುಣ ಬೇಕೆಂದು ಆಯ್ಕೆಗೆ ಮುಂಚೆ ಮಕ್ಕಳಿಗೆ ತಿಳಿಸಲಾಗಿತ್ತೇ? ಆಯ್ಕೆಯ ದಿನಾಂಕ, ಸ್ಥಳಗಳ ಸುತ್ತೋಲೆ ಕನ್ನಡ ವಿಭಾಗದ ಮಕ್ಕಳಿಗೂ ಸಕಾಲದಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ತಲುಪಿತೇ? ಆಯ್ಕೆಯಾಗದ ಮಗುವಿಗೆ ಕಾರಣವನ್ನು ಯಾರಾದರೂ ಎದುರು ಕೂರಿಸಿ ಹೇಳಿದರೇ? ಈ ಪ್ರಶ್ನೆಗಳಿಗೆ ಉತ್ತರಿಸುವುದು ಶಿಕ್ಷಕರಾದ ನಮ್ಮ ಕರ್ತವ್ಯ. ಅವನ್ನು ಶಿಕ್ಷಕ–ರಕ್ಷಕ ಸಭೆಯಲ್ಲಿ ಎತ್ತುವುದು ಪೋಷಕರ ಹಕ್ಕು.

ಹೆಸರಿಲ್ಲದ ಮಗುವಿಗೆ ಮನೆಯಲ್ಲಿ ಹೇಳಬೇಕಾದ ಮಾತು ಸರಳವಾದುದು: ಈ ಪಟ್ಟಿಗೆ ಈ ಸಲ ಬೇಕಾದ ಪಾತ್ರ ಬೇರೆಯಿತ್ತು, ಅಭ್ಯಾಸಕ್ಕೆ ನಾಳೆ ಬೆಳಿಗ್ಗೆಯೂ ಹೋಗು. ಒಬ್ಬರ ಕಾಲು ನೊಂದರೆ ಕರೆ ಬರುವುದು ಅಭ್ಯಾಸ ಬಿಡದವರಿಗೆ.