ಏಂಜಲ್ ಮೀನು ಕೊಳ್ಳುವ ಮುನ್ನ

ಅಮೆಜಾನ್ ಮತ್ತು ಅದರ ಉಪನದಿಗಳ ಹರಿವು ನಿಧಾನವಾಗುವ ಕಡೆ, ಮಳೆಗಾಲದಲ್ಲಿ ಕಾಡಿನೊಳಕ್ಕೆ ನುಗ್ಗಿ ನಿಲ್ಲುವ ನೆರೆನೀರಿನಲ್ಲಿ, ಮುಳುಗಿದ ಬೇರು ಕೊಂಬೆಗಳ ನಡುವೆ ಬದುಕುವ ಮೀನು ಏಂಜಲ್. ಎದುರಿನಿಂದ ನೋಡಿದರೆ ಒಂದು ಗೆರೆಯಷ್ಟೇ ಕಾಣುವ ಚಪ್ಪಟೆ ಮೈ. ಬೆಳ್ಳಿ ಬಣ್ಣದ ಮೇಲೆ ನೆಟ್ಟಗೆ ಇಳಿದ ಕಪ್ಪು ಪಟ್ಟೆಗಳು; ಅವುಗಳಲ್ಲೊಂದು ಕಣ್ಣಿನ ಮೇಲೇ ಹಾದುಹೋಗುತ್ತದೆ. ಬೇರುಗಳ ನೆರಳಿನಲ್ಲಿ ಅಲುಗಾಡದೆ ನಿಂತರೆ ಅದು ತನ್ನನ್ನು ತಿನ್ನುವ ದೊಡ್ಡ ಮೀನಿನ ಕಣ್ಣಿಗೂ ಬೀಳುವುದಿಲ್ಲ, ತಾನು ತಿನ್ನುವ ಮರಿಮೀನು, ಹುಳುಗಳ ಗಮನಕ್ಕೂ ಬರುವುದಿಲ್ಲ. ಮನೆಯ ಅಕ್ವೇರಿಯಂನಲ್ಲಿ ನಮಗೆ ಅಂದವಾಗಿ ಕಾಣುವ ಆ ಆಕಾರ, ಕಾಡಿನಲ್ಲಿ ಅದರ ಜೀವ ಉಳಿಸುವ ಉಪಾಯ.

ಈ ಮೀನನ್ನು ಕೊಂಡ ಹಲವರು ಕೆಲವೇ ವಾರಗಳಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ, ‘ಏಂಜಲ್ ತುಂಬ ನಾಜೂಕು’ ಎಂದು ಕೈಬಿಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಆರಿಸಿದ, ಸರಿಯಾಗಿ ನೋಡಿಕೊಂಡ ಏಂಜಲ್ ಹತ್ತು ವರ್ಷದವರೆಗೂ ಬಾಳಬಲ್ಲದು. ಸಾಯುವ ಮೀನುಗಳಲ್ಲಿ ಬಹಳಷ್ಟು ಮನೆಗೆ ಬರುವ ಮೊದಲೇ ಬಳಲಿ ಹೋಗಿರುತ್ತವೆ. ಹಾಗಾಗಿ ಅರ್ಧ ಕೆಲಸ ಅಂಗಡಿಯ ಗಾಜಿನ ಮುಂದೆಯೇ ಆಗಬೇಕು.

ವಿಜ್ಞಾನಿಗಳು ಏಂಜಲ್‌ನಲ್ಲಿ ಮೂರು ಪ್ರಭೇದಗಳನ್ನು ಗುರುತಿಸಿದ್ದಾರೆ. ಅಂಗಡಿಗಳಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲವೂ 1823ರಲ್ಲಿ ಮೊದಲು ವಿವರಿಸಲಾದ ಸ್ಕೇಲಾರೆ ಮೂಲದವು. ಸಾಕಣೆ ಕೇಂದ್ರಗಳಲ್ಲಿ ತಲೆಮಾರುಗಳಿಂದ ಹುಟ್ಟಿ ಬೆಳೆದವು. ಒರಿನೊಕೊ ಮತ್ತು ರಿಯೊ ನೀಗ್ರೊ ನದಿಗಳ ಆಲ್ಟಮ್ ಇನ್ನೂ ಎತ್ತರ, ಇನ್ನೂ ಗಂಭೀರ. ಆದರೆ ಅದಕ್ಕೆ ಬಹಳ ಮೆದುವಾದ, ಆಮ್ಲೀಯವಾದ ನೀರೇ ಬೇಕು. ಹೊಸಬರು ಅದರ ಆಸೆ ಬಿಡುವುದೇ ಕ್ಷೇಮ. ಲಿಯೊಪೋಲ್ಡಿ ಎಂಬ ಮೂರನೆಯದು ನಮ್ಮಲ್ಲಿ ಅಪರೂಪ.

ಏಂಜಲ್ ಸೇರಿರುವ ಸಿಕ್ಲಿಡ್ ಕುಟುಂಬ ನಮಗೆ ಪರಕೀಯವೇನಲ್ಲ. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳಲ್ಲಿ ಇಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಪಟ್ಟೆಯ ಮೀನೊಂದಿದೆ. ಅದೂ ಇದೇ ಕುಟುಂಬದ್ದು. ಮೊಟ್ಟೆ ಮರಿಗಳನ್ನು ತಂದೆ ತಾಯಿ ಇಬ್ಬರೂ ಕಾಯುವುದು ಈ ಮೀನುಗಳಲ್ಲಿ ಎದ್ದು ಕಾಣುವ ಗುಣ. ಏಂಜಲ್ ಜೋಡಿ ಅಗಲವಾದ ಎಲೆಯ ಮೇಲೆ ಮೊಟ್ಟೆ ಅಂಟಿಸಿ, ರೆಕ್ಕೆಯಿಂದ ನೀರು ಬೀಸುತ್ತಾ, ಬೂಜು ಹಿಡಿದ ಮೊಟ್ಟೆಯನ್ನು ಬಾಯಿಂದ ಹೆಕ್ಕಿ ತೆಗೆಯುತ್ತಾ ಕಾವಲು ನಿಲ್ಲುವುದನ್ನು ನೋಡಿದವರು ಈ ಹವ್ಯಾಸವನ್ನು ಬಿಡುವುದಿಲ್ಲ.

ಬಣ್ಣದ ವಿಚಾರಕ್ಕೆ ಬರೋಣ. ಬೆಳ್ಳಿ, ಚಿನ್ನ, ಮಾರ್ಬಲ್, ಕೋಯಿ, ಕಡುಗಪ್ಪು, ಉದ್ದ ರೆಕ್ಕೆಯ ವೇಲ್ ಎಲ್ಲವೂ ಒಂದೇ ಜಾತಿಯ ಮೀನುಗಳು, ವ್ಯತ್ಯಾಸವಿರುವುದು ವಂಶವಾಹಿಗಳಲ್ಲಿ. ಕಪ್ಪು ಬಣ್ಣವನ್ನೇ ನೋಡಿ. ಕಪ್ಪಿನ ವಂಶವಾಹಿ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದರೆ ಮೀನು ‘ಬ್ಲ್ಯಾಕ್ ಲೇಸ್’ ಆಗುತ್ತದೆ: ಮಸುಕು ಮೈ, ರೆಕ್ಕೆಗಳಲ್ಲಿ ಕಸೂತಿಯಂಥ ಕಪ್ಪು. ಇಬ್ಬರಿಂದಲೂ ಬಂದರೆ ಪೂರ್ತಿ ಕಪ್ಪು. ಎರಡು ಲೇಸ್ ಮೀನುಗಳನ್ನು ಜೋಡಿ ಮಾಡಿದರೆ ಮರಿಗಳಲ್ಲಿ ಸರಾಸರಿ ಕಾಲು ಭಾಗ ಕಪ್ಪು, ಅರ್ಧ ಭಾಗ ಲೇಸ್, ಇನ್ನುಳಿದ ಕಾಲು ಭಾಗ ಬೆಳ್ಳಿ. ಈ ಮೂರರಲ್ಲಿ ನಿಧಾನವಾಗಿ ಬೆಳೆಯುವುದು, ಬೇಗ ಸೊರಗುವುದು ಎರಡು ಪಾಲು ಕಪ್ಪಿನ ಮರಿಯೇ. ಅನುಭವಿ ಸಾಕಣೆದಾರರು ಇದನ್ನು ಅರಿತು, ಕಪ್ಪಿನ ಜೊತೆ ಚಿನ್ನದ ಬಣ್ಣದ ವಂಶವಾಹಿ ಕೂಡಿಸಿ ಹೆಚ್ಚು ಗಟ್ಟಿಯಾದ ಕಪ್ಪು ಮೀನು ಪಡೆಯುತ್ತಾರೆ. ಬಣ್ಣಕ್ಕಾಗಿ ಒಂದೇ ಮನೆತನದೊಳಗೆ ಮತ್ತೆ ಮತ್ತೆ ಜೋಡಿ ಮಾಡಿದಾಗ ಅಡಗಿದ್ದ ದೋಷಗಳೂ ಮೇಲೆ ಬರುತ್ತವೆ. ಅದಕ್ಕೇ ಮೊದಲ ಸಲ ಸಾಕುವವರಿಗೆ ನನ್ನ ಸಲಹೆ ಪಟ್ಟೆಯ ಬೆಳ್ಳಿ ಏಂಜಲ್, ಇಲ್ಲವೇ ಸಾಧಾರಣ ಮಾರ್ಬಲ್. ಬೆಲೆಯೂ ಕಮ್ಮಿ, ತಾಳಿಕೆಯೂ ಹೆಚ್ಚು.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಒಂದು ಮೀನನ್ನಲ್ಲ, ಇಡೀ ಟ್ಯಾಂಕನ್ನು. ಅದರಲ್ಲಿ ಒಂದು ಸತ್ತ ಮೀನಿದ್ದರೂ, ಮೈಮೇಲೆ ರವೆಯಂಥ ಬಿಳಿ ಚುಕ್ಕೆಯ ಮೀನು ಒಂದಿದ್ದರೂ, ಆ ನೀರಿನ ಯಾವ ಮೀನೂ ಬೇಡ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕಿವಿರುಗಳನ್ನು ಗಮನಿಸಿ. ಆರೋಗ್ಯವಾಗಿರುವ ಏಂಜಲ್ ಎರಡೂ ಕಿವಿರು ಮುಚ್ಚಳಗಳನ್ನು ಸಮನಾಗಿ, ನಿಧಾನವಾಗಿ ಆಡಿಸುತ್ತದೆ. ಪಕ್ಕದ ಮೀನುಗಳಿಗಿಂತ ವೇಗವಾಗಿ ಉಸಿರಾಡುತ್ತಿದ್ದರೆ, ಒಂದು ಬದಿಯ ಮುಚ್ಚಳ ಬಿಗಿದುಕೊಂಡು ಇನ್ನೊಂದೇ ಆಡುತ್ತಿದ್ದರೆ, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಕಿವಿರಿಗೆ ಪರಾವಲಂಬಿ ಹುಳು ಹತ್ತಿರಬಹುದು, ಇಲ್ಲವೇ ನೀರಿನಲ್ಲಿ ಅಮೋನಿಯ ಏರಿರಬಹುದು. ಮುಚ್ಚಳ ಗಿಡ್ಡವಾಗಿ ಒಳಗಿನ ಕೆಂಪು ಎಸಳು ಹೊರಗೆ ಇಣುಕುವುದು ಹುಟ್ಟಿನ ಅಥವಾ ಸಾಕಣೆಯ ದೋಷ; ಅದು ಸರಿಹೋಗುವುದಿಲ್ಲ. ಆದರೆ ‘ಬ್ಲಶಿಂಗ್’ ತಳಿಯಲ್ಲಿ ಮುಚ್ಚಳಕ್ಕೆ ಬಣ್ಣವೇ ಇಲ್ಲದ್ದರಿಂದ ಕೆನ್ನೆ ಕೆಂಪಗೆ ಕಾಣುತ್ತದೆ. ಅಲ್ಲಿ ಮುಚ್ಚಳ ಪೂರ್ತಿ ಇದೆಯೇ ಎಂಬುದನ್ನಷ್ಟೇ ನೋಡಿದರೆ ಸಾಕು.

ನಂತರ ಕಣ್ಣು. ಅದು ತಿಳಿಯಾಗಿರಬೇಕು, ಮೈಗೆ ತಕ್ಕಷ್ಟಿರಬೇಕು. ಕಿಕ್ಕಿರಿದ ಟ್ಯಾಂಕಿನಲ್ಲಿ, ಅರೆಹೊಟ್ಟೆಯಲ್ಲಿ ಬೆಳೆದು ಕುಂಠಿತವಾದ ಮರಿಯಲ್ಲಿ ಪುಟ್ಟ ಮೈಗೆ ದೊಡ್ಡ ಕಣ್ಣು ಎದ್ದು ಕಾಣುತ್ತದೆ. ವಯಸ್ಸಾದರೂ ಮರಿಯಂತೆ ಕಾಣುವ ಇಂಥ ಮೀನು ಮುಂದೆ ಚೆನ್ನಾಗಿ ಬೆಳೆಯುವುದು ಕಷ್ಟ. ಹಣೆಯನ್ನು ಎದುರಿನಿಂದ ನೋಡಿ: ಕತ್ತಿಯ ಅಂಚಿನಂತೆ ಸೊರಗಿದ್ದರೆ ಬಹುಕಾಲ ಹಸಿದಿದೆ ಎಂದರ್ಥ. ಹೊಟ್ಟೆ ಒಳಗೆ ಹೋಗಿರಬಾರದು. ಬಿಳಿ ದಾರದಂಥ ಮಲ ಜೋತಾಡುತ್ತಿದ್ದರೆ ಕರುಳಿನ ಪರಾವಲಂಬಿಯ ಅನುಮಾನ ಪಡಬೇಕು. ಕೆಳಗೆ ಇಳಿಬಿದ್ದ ಎರಡು ತೆಳು ಎಳೆಗಳು ನೆಟ್ಟಗಿರಲಿ. ಅವು ಡೊಂಕಾಗಿದ್ದರೆ ಮರಿ ಬೆಳೆದ ಟ್ಯಾಂಕು ಆಳವಿಲ್ಲದ್ದೋ ಇಕ್ಕಟ್ಟಿನದ್ದೋ ಆಗಿದ್ದೀತು. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆ ಹಿಡಿದ ಮೀನು ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ.

ಕೊನೆಯ ಪರೀಕ್ಷೆಗೆ ಅಂಗಡಿಯವರ ಸಹಕಾರ ಬೇಕು. ‘ಸ್ವಲ್ಪ ಆಹಾರ ಹಾಕ್ತೀರಾ ಅಣ್ಣ?’ ಎಂದು ಕೇಳಿ. ಮುನ್ನುಗ್ಗಿ ಬಂದು ತಿನ್ನುವ ಮರಿಯನ್ನು ಬೆರಳು ತೋರಿಸಿ ಆರಿಸಿ. ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳುವ ಮೀನು ಬೇಡ. ಮೀನು ಬಂದು ಎಷ್ಟು ದಿನವಾಯಿತು ಎಂದೂ ವಿಚಾರಿಸಿ. ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನಿನ ದೊಡ್ಡ ಮಾರುಕಟ್ಟೆ. ಬೆಂಗಳೂರಿನ ಅಂಗಡಿಗಳಿಗೂ ಅಲ್ಲಿಂದ ಮೀನು ಬರುತ್ತದೆ. ಅಂಥ ಪ್ರಯಾಣ ಮುಗಿಸಿ ನಿನ್ನೆಯಷ್ಟೇ ಇಳಿದ ಮೀನು ಇನ್ನೂ ಸುಧಾರಿಸಿಕೊಂಡಿರುವುದಿಲ್ಲ. ಒಂದು ವಾರ ಅಂಗಡಿಯಲ್ಲೇ ಇದ್ದು ತಿಂದುಂಡು ಗೆಲುವಾದದ್ದನ್ನು ತರುವುದು ಲೇಸು.

ಚೀಲದೊಳಗೆ ನಡೆಯುವ ರಸಾಯನಕ್ರಿಯೆಯನ್ನೂ ತಿಳಿದಿರಬೇಕು. ಮೀನು ಕಿವಿರಿನಿಂದ ಅಮೋನಿಯವನ್ನು ಹೊರಹಾಕುತ್ತದೆ, ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕಟ್ಟಿದ ಚೀಲದಲ್ಲಿ ಈ ಅನಿಲ ಕೂಡಿ ನೀರು ಆಮ್ಲೀಯವಾಗುತ್ತದೆ. ಆಗ ಅಮೋನಿಯದ ಬಹುಪಾಲು ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿ ಪಿಎಚ್ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷರೂಪದ ಅಮೋನಿಯದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಆದ್ದರಿಂದ ದೂರದಿಂದ ಪಾರ್ಸೆಲ್ ಬಂದ ಮೀನನ್ನು ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಇಡಬೇಡಿ. ಕಟ್ಟಿದ ಚೀಲವನ್ನೇ ನೀರಿನ ಮೇಲೆ ತೇಲಿಬಿಟ್ಟು ಬಿಸಿ ಸಮವಾದ ಮೇಲೆ, ಬಿಚ್ಚಿ ಮೀನನ್ನು ಬೇಗ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೀಳಕೂಡದು.

ಬಿಡಬೇಕಾದ್ದೂ ಮುಖ್ಯ ಟ್ಯಾಂಕಿಗಲ್ಲ. ಸ್ಪಾಂಜ್ ಫಿಲ್ಟರ್, ಹೀಟರ್ ಇರುವ ಬೇರೊಂದು ಚಿಕ್ಕ ಟ್ಯಾಂಕಿನಲ್ಲಿ ಮೂರು ನಾಲ್ಕು ವಾರ ಪ್ರತ್ಯೇಕವಾಗಿಡಿ. ಇಷ್ಟು ದಿನ ಯಾಕೆ ಎಂಬುದಕ್ಕೆ ಬಿಳಿಚುಕ್ಕೆ ರೋಗವೇ ಉತ್ತರ. ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶ ಜೀವಿ ಮೀನಿನ ಚರ್ಮದಡಿ ಕೂತು ಬೆಳೆದು, ಉದುರಿ ತಳ ಸೇರಿ, ಒಂದು ನೂರಾರಾಗಿ ಒಡೆದು ಮತ್ತೆ ಮೀನನ್ನು ಹುಡುಕಿ ಹೊರಡುತ್ತದೆ. ಚರ್ಮದಡಿ ಇರುವಾಗ ಔಷಧಿ ತಾಗುವುದಿಲ್ಲ. ನೀರಿನಲ್ಲಿ ಈಜಾಡುವ ಹಂತದಲ್ಲಿ ಮಾತ್ರ ಅದು ಸಾಯುತ್ತದೆ. ಇಂದು ಸ್ವಚ್ಛವಾಗಿ ಕಾಣುವ ಮೀನಿನ ಕಿವಿರಿನೊಳಗೆ ಒಂದು ಉಳಿದಿದ್ದರೂ ಸಾಕು, ನಿಮ್ಮ ಇಡೀ ಟ್ಯಾಂಕಿಗೆ ಹಬ್ಬಲು.

ನೀರಿನ ಬಗ್ಗೆ ಅತಿಯಾದ ಭಯ ಬೇಡ. ಸಾಕಣೆಯ ಸ್ಕೇಲಾರೆ ಪಿಎಚ್ 6.5ರಿಂದ 7.5ರ ನಡುವೆ ಆರಾಮಾಗಿರುತ್ತದೆ. ತುಸು ಗಡಸಾದ ಬೋರ್‌ವೆಲ್ ನೀರಿಗೂ ಒಗ್ಗಿಕೊಳ್ಳುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಬಳಸಿ. ಬಿಸಿ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಂಗಳೂರು, ಮಡಿಕೇರಿಯ ಚಳಿಗೆ ಹೀಟರ್ ಬೇಕೇ ಬೇಕು. ರೆಕ್ಕೆ ಸೇರಿ ಬೆಳೆದ ಏಂಜಲ್ 20 ಸೆಂಟಿಮೀಟರಿಗೂ ಎತ್ತರವಾದೀತು. ಹಾಗಾಗಿ ಟ್ಯಾಂಕು ಕನಿಷ್ಠ 45 ಸೆಂಟಿಮೀಟರ್ ಎತ್ತರವಿರಲಿ. ಮೀನು ಬಿಡುವ ಮುಂಚೆ ಕೆಲವು ವಾರ ಫಿಲ್ಟರ್ ಓಡಿಸಿ, ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯ ಅದರಲ್ಲಿ ನೆಲೆಯೂರಿದೆಯೇ ಎಂದು ಪರೀಕ್ಷಾ ಕಿಟ್‌ನಿಂದ ಖಚಿತಪಡಿಸಿಕೊಳ್ಳಿ.

ಜೊತೆಗಾರರ ಆಯ್ಕೆಯಲ್ಲೂ ಎಚ್ಚರ ಬೇಕು. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಬೇಡ. ನಿಯಾನ್ ಟೆಟ್ರಾವನ್ನು ಬೆಳೆದ ಏಂಜಲ್ ನುಂಗಿಬಿಡುತ್ತದೆ. ಅದು ಅದರ ಹುಟ್ಟುಗುಣ. ಕೋರಿಡೊರಾಸ್ ಒಳ್ಳೆಯ ನೆರೆಯವನು. ಜಾಗವಿದ್ದರೆ ಐದಾರು ಮರಿಗಳನ್ನು ಒಟ್ಟಿಗೆ ತನ್ನಿ. ಅವು ತಾವೇ ಜೋಡಿ ಆರಿಸಿಕೊಳ್ಳುತ್ತವೆ. ಜೋಡಿಯಾದ ಮೇಲೆ ಉಳಿದವನ್ನು ಬೇರೆ ಮಾಡಬೇಕಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಿಡಿ. ಸಾಕಲಾಗದ ಮೀನನ್ನು ಮಾತ್ರ ದಯವಿಟ್ಟು ಊರ ಕೆರೆಗೋ ಹೊಳೆಗೋ ಬಿಡಬೇಡಿ. ಹೊರಗಿನ ಮೀನು, ಅದರ ಜೊತೆ ಬರುವ ರೋಗ ಎರಡೂ ನಮ್ಮ ನೀರಿನ ಜೀವಗಳಿಗೆ ಅಪಾಯ. ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ.