ಮಸಿ ನುಂಗಿದ ಕಾವಲುಗಾರ

ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ನೋಡಿ. ಕರುಳಿನ ಹತ್ತಿರದ್ದು ತಿಳಿಬಣ್ಣ. ಶ್ವಾಸಕೋಶದ ಹತ್ತಿರದ್ದು, ವಯಸ್ಸಾದವರಲ್ಲಿ, ಕಪ್ಪೋ ಕಪ್ಪು!

ಏನಿದು? 2.5 ಮೈಕ್ರಾನಿಗಿಂತ ಸಣ್ಣ ಹೊಗೆಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಕೋಶ ಅವನ್ನು ನುಂಗುತ್ತದೆ. ಬ್ಯಾಕ್ಟೀರಿಯಾ ಆಗಿದ್ದರೆ ಅರಗಿಸಿಬಿಡುತ್ತಿತ್ತು. ಇಂಗಾಲದ ಮಸಿ ಅರಗೋದಿಲ್ಲ. ಕೋಶ ಕೆರಳಿ ಸೈಟೊಕೈನ್ ಎಂಬ ಸಂಕೇತ-ರಾಸಾಯನಿಕ ಸುರಿಸುತ್ತದೆ, ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನುಗ್ಗಿ ಬರುತ್ತವೆ, ಉರಿಯೂತ ಶುರು. ರೋಗಾಣುವೇ ಇಲ್ಲದ ಯುದ್ಧ, ಪೆಟ್ಟು ಮಾತ್ರ ನಮ್ಮ ಶ್ವಾಸಕೋಶಕ್ಕೆ.

ಒಂದಷ್ಟು ಮಸಿ ಪಕ್ಕದ ದುಗ್ಧಗ್ರಂಥಿಗೂ ಸೇರುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 84 ಅಂಗದಾನಿಗಳ ಗ್ರಂಥಿಗಳನ್ನು ಪರೀಕ್ಷಿಸಿ 2022ರಲ್ಲಿ ಹೇಳಿದ್ದು: ಮಸಿ ತುಂಬಿದ ಮ್ಯಾಕ್ರೋಫೇಜ್ ನುಂಗುವುದರಲ್ಲೂ ಹಿಂದೆ, ಸಂಕೇತ ಕಳಿಸುವುದರಲ್ಲೂ ಹಿಂದೆ. ಅದೇ ಗ್ರಂಥಿಯ ಮಸಿಯಿಲ್ಲದ ಕೋಶಗಳು ಮಾತ್ರ ಚುರುಕಾಗೇ ಇದ್ದವು.